ಒತ್ತಕ್ಷರ ಮಾಯವಾದ ಬ್ಯಾನರ್: ಅಕ್ಷರಗಳಿಗೆ ಗ್ರೇಡಿಯಂಟ್ ಹಾಕುವ ಬಗೆ

ಕಳೆದ ನವೆಂಬರ್ 1ರಂದು ನಮ್ಮ ಕಾಲೇಜಿನ ಗೇಟಿನ ಮೇಲೆ ಕಟ್ಟಿದ್ದ ಹತ್ತಡಿ ಉದ್ದದ ಬ್ಯಾನರನ್ನು ನೀವೆಲ್ಲ ನೋಡಿದ್ದೀರಿ. ಅಂದು ಬಾರದವರು ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ನೋಡಿರುತ್ತೀರಿ. ಅದನ್ನು ಕಂಪ್ಯೂಟರಿನಲ್ಲಿ ಮಾಡಿದವಳು ನಾನು. ಇಲ್ಲಿಯವರೆಗೆ ನಾನಾಗಿ ಯಾರಿಗೂ ಹೇಳಿರಲಿಲ್ಲ. ಈ ಪಾಠ ಬರೆಯಲು ಸರ್ ಹೇಳಿದಾಗ, ಮೊದಲು ಅದನ್ನೇ ಹೇಳಿಬಿಡುವುದು ಒಳ್ಳೆಯದು ಅನ್ನಿಸಿತು.

ನಾನು ಬರೆದದ್ದು 'ಕನ್ನಡ ರಾಜ್ಯೋತ್ಸವದ ಶುಭಾಶಯಗಳು' ಎಂದು. ರಸ್ತೆಯ ಆಚೆಯಿಂದ ನೋಡಿದವರಿಗೆ ಕಂಡದ್ದು 'ಕನಡ ರಾಜೋತವದ ಶುಬಾಶಯಗಳು'. ಧ್ವಜದ ಬಣ್ಣವೇ ಇರಲಿ ಎಂದು ಹಿನ್ನೆಲೆಗೆ ಹಳದಿ ಹಾಕಿದ್ದೆ. ಅಕ್ಷರಗಳಿಗೆ ಮೇಲಿಂದ ಕೆಳಕ್ಕೆ ಕೆಂಪಿನಿಂದ ಹಳದಿಗೆ ಜಾರುವ ಗ್ರೇಡಿಯಂಟ್ ಕೊಟ್ಟಿದ್ದೆ. ಅಂದರೆ ಅಕ್ಷರದ ತಲೆ ಕೆಂಪು, ಕಾಲು ಹಳದಿ. ಹಳದಿ ಕಾಲು ಹಳದಿ ಹಿನ್ನೆಲೆಯಲ್ಲಿ ಕರಗಿಹೋಯಿತು. ಕನ್ನಡದಲ್ಲಿ ಕಾಲಿನ ಬಳಿ ಇರುವುದು ಯಾವುದು? ಒತ್ತಕ್ಷರ.

ಫೋಟೋ ಊರೆಲ್ಲ ತಿರುಗಿತು. ಒಂದು ಗ್ರೂಪಿನಲ್ಲಿ ಯಾರೋ ಕೆಳಗೆ ಬರೆದಿದ್ದರು: 'ಇವರಿಗೆ ಕನ್ನಡ ಬರಲ್ವಾ?' ನಮ್ಮ ಕ್ಲಾಸಿನಲ್ಲಿ ಆ ಪ್ರಶ್ನೆಯ 'ಇವರಿಗೆ' ಎಂಬ ಒಂದು ಪದವನ್ನು ಎಲ್ಲರೂ ಓದಿದೆವು, ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಕನ್ನಡ ಮೇಡಂ ಮಾತ್ರ ಸ್ಟಾಫ್ ರೂಮಿಗೆ ಕರೆದು, 'ನಾನೇ ಎರಡು ಸಲ ತಿದ್ದಿದ್ದೇನಮ್ಮ. ಅಕ್ಷರ ತಪ್ಪಿಲ್ಲ, ಬಣ್ಣ ತಪ್ಪಿದೆ. ಎಲ್ಲಿ ತಪ್ಪಿತು ಅಂತ ಕಂಡುಹಿಡಿ' ಎಂದರು. ಅವರು ತಿದ್ದಿದ್ದು ಕಪ್ಪು-ಬಿಳುಪಿನ ಪ್ರಿಂಟನ್ನು. ಬಣ್ಣ ತುಂಬಿದ್ದು ಆಮೇಲೆ, ರಾತ್ರಿ ಹತ್ತು ಗಂಟೆಗೆ, ನಾನೊಬ್ಬಳೇ ಕೂತು.

ಗ್ರೇಡಿಯಂಟ್ ಎಂದರೆ ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ಮೆಟ್ಟಿಲಿಲ್ಲದಂತೆ ಸಾಗುವುದು. ಸಂಜೆ ಆಕಾಶದಲ್ಲಿ ಕಾಣುತ್ತೇವಲ್ಲ, ಹಾಗೆ. ನಾನು ಬಳಸುವುದು ಜಿಂಪ್ ಎಂಬ ಉಚಿತ ತಂತ್ರಾಂಶ. ಇದನ್ನು 1995ರಲ್ಲಿ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದರು. ಫೋಟೋಶಾಪ್ ಇರುವವರು ಅದರಲ್ಲೂ ಇದೇ ಕೆಲಸ ಮಾಡಬಹುದು, ಆ ದಾರಿಯನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ಕಾಸು ಕೊಡದೆ, ಕದ್ದ ಕಾಪಿ ಹಾಕಿಕೊಳ್ಳದೆ ನಮ್ಮ ಲ್ಯಾಬಿನಲ್ಲಿ ಸಿಗುವುದು ಜಿಂಪ್.

ಮೊದಲು ಅಕ್ಷರ ಟೈಪ್ ಮಾಡುವ ವಿಷಯ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಆಸ್ಕಿ ಟೈಪಿಂಗ್ ನಡೆಯುತ್ತದೆ. ಅಲ್ಲಿ ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕೋಡುಗಳಿಗೆ ಕನ್ನಡದ ತುಂಡುಗಳ ಚಿತ್ರ ತೊಡಿಸಿರುತ್ತಾರೆ, ಫಾಂಟ್ ಬದಲಾಯಿಸಿದ ಕೂಡಲೇ ಎಲ್ಲ ಗೋಜಲು. ಆದ್ದರಿಂದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ತಂತ್ರಾಂಶದಲ್ಲೂ ಯೂನಿಕೋಡ್ ಆಯ್ಕೆ ಇದೆ, ವಿಂಡೋಸ್‌ನ ಕನ್ನಡ ಕೀಲಿಮಣೆಯೂ ಇದೆ. ಜಿಂಪ್ ಒಳಗೆ ಹಾರ್ಫ್‌ಬಜ್ ಎಂಬ ವ್ಯವಸ್ಥೆ ಅಕ್ಷರಗಳನ್ನು ಜೋಡಿಸುವುದರಿಂದ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ತಮ್ಮ ಜಾಗದಲ್ಲಿ ಕೂರುತ್ತವೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡದ ದಪ್ಪ ರೂಪ ಅಥವಾ ಬಾಲೂ ತಮ್ಮ ಸಾಕು. ಗ್ರೇಡಿಯಂಟ್ ಕಾಣಬೇಕಾದರೆ ಗೆರೆಗೆ ಮೈ ಇರಬೇಕು. ತೆಳು ಗೆರೆಯಲ್ಲಿ ಬಣ್ಣ ಜಾರುವುದು ಕಾಣಿಸುವುದಿಲ್ಲ, ಮಾಸಿದಂತೆ ಮಾತ್ರ ಕಾಣುತ್ತದೆ.

ಟೆಕ್ಸ್ಟ್ ಟೂಲ್‌ನಿಂದ (ಕೀಲಿಮಣೆಯಲ್ಲಿ ಟಿ) ಬರೆದ ತಕ್ಷಣ ಅದಕ್ಕೊಂದು ಪದರ, ಅಂದರೆ ಲೇಯರ್ ಹುಟ್ಟುತ್ತದೆ. ಅದನ್ನು ಮುಟ್ಟುವ ಮೊದಲು ಒಂದು ನಕಲು ಮಾಡಿ, ಮೂಲವನ್ನು ಕಣ್ಣಿನ ಗುರುತು ಒತ್ತಿ ಮರೆಮಾಡಿ ಇಟ್ಟುಬಿಡಿ. ಗ್ರೇಡಿಯಂಟ್ ಹಾಕಿದ ಮೇಲೆ ಆ ಪದರ ಬರೀ ಚುಕ್ಕಿಗಳ ಚಿತ್ರವಾಗುತ್ತದೆ. ಆಮೇಲೆ ಒಂದು ಕಾಗುಣಿತ ತಿದ್ದಲು ಹೋದರೂ ಹಾಕಿದ ಬಣ್ಣ ಕಳೆದುಹೋಗುತ್ತದೆ.

ನಕಲು ಪದರವನ್ನು ಆರಿಸಿಕೊಂಡು ಲೇಯರ್ ಪಟ್ಟಿಯ ಮೇಲ್ಭಾಗದಲ್ಲಿ ಚದುರಂಗದ ಹಾಸಿನಂತಿರುವ ಚಿಕ್ಕ ಗುಂಡಿಯನ್ನು ಒತ್ತಬೇಕು. ಅದರ ಹೆಸರು ಲಾಕ್ ಆಲ್ಫಾ. ಪಾರದರ್ಶಕವಾಗಿರುವ ಜಾಗ ಪಾರದರ್ಶಕವಾಗಿಯೇ ಉಳಿಯಲಿ, ಬಣ್ಣ ಇರುವ ಜಾಗಕ್ಕೆ ಮಾತ್ರ ಹೊಸ ಬಣ್ಣ ಹತ್ತಲಿ ಎಂದು ಅದರ ಅರ್ಥ. ಇದನ್ನು ಮರೆತು ನಾನು ಮೊದಲ ಸಲ ಎಳೆದಾಗ ಅಕ್ಷರಗಳೇ ಕಾಣದೆ ಇಡೀ ಚೌಕ ಬಣ್ಣದ ಪಟ್ಟಿಯಾಗಿ ಕೂತಿತ್ತು. ಆಮೇಲೆ ಗ್ರೇಡಿಯಂಟ್ ಟೂಲ್ (ಕೀಲಿ ಜಿ) ತೆಗೆದು, ಮುಂಬಣ್ಣ ಹಿಂಬಣ್ಣ ಆರಿಸಿ, ಕಂಟ್ರೋಲ್ ಒತ್ತಿಹಿಡಿದು ಮೌಸನ್ನು ನೇರ ಕೆಳಕ್ಕೆ ಎಳೆಯಿರಿ. ಕಂಟ್ರೋಲ್ ಹಿಡಿದರೆ ಗೆರೆ ಸೊಟ್ಟಗಾಗುವುದಿಲ್ಲ. ಕೊನೆಗೆ ಎಂಟರ್.

ಇಷ್ಟನ್ನು ನಾನು ಆ ರಾತ್ರಿಯೂ ಸರಿಯಾಗಿಯೇ ಮಾಡಿದ್ದೆ. ಯಾವ ಗುಂಡಿ ಒತ್ತಬೇಕು ಎಂಬುದು ಯಾವ ವಿಡಿಯೋದಲ್ಲಾದರೂ ಸಿಗುತ್ತದೆ. ಆ ವಿಡಿಯೋಗಳಲ್ಲಿ ತೋರಿಸುವುದೆಲ್ಲ ಇಂಗ್ಲಿಷ್ ದೊಡ್ಡಕ್ಷರಗಳನ್ನು. ಅವು ಎಲ್ಲ ಒಂದೇ ಎತ್ತರ. ಮೇಲಿನ ಅರ್ಧ ಮಾಸಿದರೂ ಕೆಳಗಿನ ಅರ್ಧ ಮಾಸಿದರೂ ಊಹಿಸಿ ಓದಬಹುದು. ಕನ್ನಡ ಹಾಗಲ್ಲ ಎಂಬುದನ್ನು ನನಗೆ ಹೇಳಿದ್ದು ಅಬ್ಬಾ.

ಅಬ್ಬಾ ಬೋರ್ಡ್ ಬರೆಯುವವರು. ಫ್ಲೆಕ್ಸ್ ಬರುವ ಮೊದಲು ಅರಸೀಕೆರೆಯ ಕೊಬ್ಬರಿ ಮಂಡಿಗಳ ಎಷ್ಟೋ ಬೋರ್ಡುಗಳು ಅವರ ಕೈಯವು. ಸ್ಟೇಷನ್ ರಸ್ತೆಯಲ್ಲಿ ಹೋಗುವಾಗ ಒಂದೆರಡು ಬೋರ್ಡುಗಳ ಮೂಲೆಯಲ್ಲಿ ಅವರ ಸಣ್ಣ ಸಹಿ ಈಗಲೂ ಇದೆ. ಈಗ ಲಾರಿಗಳ ಮೇಲೆ ಹೆಸರು, ಗಾಡಿಗಳ ನಂಬರ್ ಪ್ಲೇಟು, ಯಾವಾಗಲಾದರೂ ಒಂದು ಶಾಲೆಯ ಗೋಡೆ. ಅವರ ಕೆಲಸವನ್ನು ಕಿತ್ತುಕೊಂಡ ಯಂತ್ರಕ್ಕೇ ಮಗಳು ಡಿಸೈನ್ ಮಾಡಿಕೊಡುತ್ತಿದ್ದಾಳೆ ಎಂದು ನನಗೆ ಒಳಗೊಳಗೇ ಸಂಕೋಚವಿತ್ತು. ಹಾಗಾಗಿ ಅವರಿಗೆ ಬ್ಯಾನರ್ ತೋರಿಸಿರಲಿಲ್ಲ.

ಅಂದು ಸಂಜೆ ಮೊಬೈಲಿನಲ್ಲಿ ಫೋಟೋ ನೋಡಿ ಅವರು ನಗಲಿಲ್ಲ. 'ಬೇಟಾ, ನಾವು ಇದಕ್ಕೆ ಶೇಡ್ ಅಂತೀವಿ. ಎನಾಮೆಲ್ ಒಣಗೋ ಮೊದಲೇ ಎರಡು ಬಣ್ಣ ಪಕ್ಕಪಕ್ಕ ಇಟ್ಟು, ಒಣ ಬ್ರಷ್‌ನಲ್ಲಿ ಮಧ್ಯ ಎಳೀಬೇಕು. ಆದ್ರೆ ಕನ್ನಡಕ್ಕೆ ಒಂದು ಲೆಕ್ಕ ಇದೆ. ತಲೆ ಕಾಣಬೇಕು, ಕಾಲು ಕಾಣಬೇಕು. ಹೊಳಪು ಏನಿದ್ರೂ ಹೊಟ್ಟೆಯಲ್ಲಿ' ಎಂದರು.

ಆಮೇಲೆ ಹಳೆಯ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದರು. ಕ, ಕಿ, ಕೆ ಈ ಮೂರಕ್ಕೂ ಹೊಟ್ಟೆ ಒಂದೇ. ವ್ಯತ್ಯಾಸ ಇರುವುದು ತಲೆಯಲ್ಲಿ: ತಲೆಕಟ್ಟು, ಗುಡಿಸು, ಎತ್ವ. ಬ ಮತ್ತು ಭ, ದ ಮತ್ತು ಧ, ಡ ಮತ್ತು ಢ ನೋಡಿ, ಮಹಾಪ್ರಾಣದ ಸೀಳು ಇರುವುದು ಕೆಳಗಡೆ. ನನ್ನ 'ಶುಭಾಶಯ' 'ಶುಬಾಶಯ' ಆದದ್ದು ಹೀಗೆ. ಅದಕ್ಕೂ ಕೆಳಗೆ ಒತ್ತಕ್ಷರ. ಒತ್ತು ಹೋದರೆ ಕೊಬ್ಬರಿ ಕೊಬರಿಯಾಗುತ್ತದೆ, ಮಂಡಿಯವರು ದುಡ್ಡು ಕೊಡುವುದಿಲ್ಲ. ಇದೂ ಅಬ್ಬಾನ ಮಾತು. ಕನ್ನಡದ ಅರ್ಥ ಮೇಲಿನ ಅಂಚಿನಲ್ಲಿ ಒಂದಿಷ್ಟು, ಕೆಳಗಿನ ಅಂಚಿನಲ್ಲಿ ಒಂದಿಷ್ಟು ಹಂಚಿಹೋಗಿದೆ. ಮೇಲಿಂದ ಕೆಳಕ್ಕೆ ಸಾಗುವ ಗ್ರೇಡಿಯಂಟಿನಲ್ಲಿ ಮಾಸುವ ತುದಿ ಯಾವಾಗಲೂ ಈ ಎರಡರಲ್ಲಿ ಒಂದರ ಮೇಲೆ ಬೀಳುತ್ತದೆ.

ಇದನ್ನು ಲೆಕ್ಕದಲ್ಲೂ ನೋಡಬಹುದು. ವಿಜ್ಞಾನ ವಿಭಾಗದವರು ಗಮನಿಸಿ, ವಾಣಿಜ್ಯದವರಿಗೂ ಕಷ್ಟವಿಲ್ಲ. ಪರದೆಯ ಮೇಲಿನ ಪ್ರತಿ ಬಣ್ಣಕ್ಕೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳು, ಒಂದೊಂದೂ 0ಯಿಂದ 255ರವರೆಗೆ. ಆದರೆ ನಮ್ಮ ಕಣ್ಣಿಗೆ ಮೂರೂ ಸಮಾನವಲ್ಲ. ಹೊಳಪು ಲೆಕ್ಕ ಹಾಕುವಾಗ ಕೆಂಪಿನ ಬೆಳಕಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ತೂಕ ಕೊಡುತ್ತಾರೆ. ಹಳದಿ ಎಂದರೆ ಪೂರ್ತಿ ಕೆಂಪು ಮತ್ತು ಪೂರ್ತಿ ಹಸಿರು, ಅದರ ಹೊಳಪು 0.93ರ ಹತ್ತಿರ. ಬರಿಯ ಕೆಂಪಿನದು 0.21. ಎರಡಕ್ಕೂ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಸಿಗುವುದು ಕಾಂಟ್ರಾಸ್ಟ್ ಅನುಪಾತ. ವೆಬ್ ಪುಟಗಳಿಗಾಗಿ ಜಗತ್ತಿನಾದ್ಯಂತ ಒಪ್ಪಿದ ಅಳತೆಯ ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಇದು ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕು.

ಹಳದಿಯ ಮೇಲೆ ಕೆಂಪು: 3.7. ದೊಡ್ಡ ಅಕ್ಷರಕ್ಕೆ ಪರವಾಗಿಲ್ಲ. ನನ್ನ ಗ್ರೇಡಿಯಂಟಿನ ಅರ್ಧದಾರಿಯಲ್ಲಿ ಬಣ್ಣ ಕಿತ್ತಳೆಯಾಗುತ್ತದೆ (255, 128, 0). ಇಲ್ಲಿ ಒಂದು ಸೂಕ್ಷ್ಮವಿದೆ. 128 ಎಂದರೆ ಅರ್ಧ ಬೆಳಕಲ್ಲ. ಪರದೆಯ ಅಂಕಿಯನ್ನು ನಿಜವಾದ ಬೆಳಕಿಗೆ ಬದಲಾಯಿಸಿದರೆ ಅದು ಶೇಕಡಾ 22ರಷ್ಟು ಮಾತ್ರ. ಅಷ್ಟಾದರೂ ಅನುಪಾತ 2.3ಕ್ಕೆ ಇಳಿಯುತ್ತದೆ. ತುದಿಯಲ್ಲಿ 1, ಅಂದರೆ ಶೂನ್ಯ ವ್ಯತ್ಯಾಸ. ಎಲ್ಲಿಯವರೆಗೆ 3ಕ್ಕಿಂತ ಮೇಲಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕಿದೆ. ಮೇಲಿನ ಮೂರನೇ ಒಂದು ಭಾಗದವರೆಗೆ ಮಾತ್ರ. ಉಳಿದ ಎರಡು ಭಾಗವನ್ನು ಜನ ಊಹಿಸಿ ಓದಿದ್ದರು. ಒತ್ತನ್ನು ಊಹಿಸಲೂ ಆಗಲಿಲ್ಲ. ಅದೇ ಹಳದಿಯ ಮೇಲೆ ಗಾಢ ಕೆಂಪು (128, 0, 0) ಇಟ್ಟಿದ್ದರೆ ಅನುಪಾತ 10ರ ಮೇಲಿರುತ್ತಿತ್ತು.

ಸರಿಪಡಿಸಿದ್ದು ಹೀಗೆ. ಬಣ್ಣದ ಒಂದು ತುದಿ ಗಾಢ ಕೆಂಪು, ಇನ್ನೊಂದು ಬರಿಯ ಕೆಂಪು. ಹಳದಿಗೆ ಅಕ್ಷರದೊಳಗೆ ಜಾಗವಿಲ್ಲ. ಗ್ರೇಡಿಯಂಟ್ ಟೂಲಿನ ಆಯ್ಕೆಗಳಲ್ಲಿ ಆಕಾರ ಎಂಬಲ್ಲಿ ಲೀನಿಯರ್ ಬದಲು ಬೈ-ಲೀನಿಯರ್ ಆರಿಸಿದೆ. ಇದು ಎಳೆದ ಜಾಗದಿಂದ ಎರಡೂ ಕಡೆಗೆ ಕನ್ನಡಿಯಂತೆ ಹರಡುತ್ತದೆ. ಮುಂಬಣ್ಣ ಕೆಂಪು, ಹಿಂಬಣ್ಣ ಗಾಢ ಕೆಂಪು. ಅಕ್ಷರದ ಹೊಟ್ಟೆಯ ಮಧ್ಯದಿಂದ ಎಳೆಯಲು ಶುರುಮಾಡಿ, ಮೂಲ ಅಕ್ಷರ ಮುಗಿಯುವ ಗೆರೆಯಲ್ಲಿ ನಿಲ್ಲಿಸಬೇಕು. ಒತ್ತಿನ ತುದಿಯವರೆಗೆ ಎಳೆಯಬಾರದು! ಏಕೆಂದರೆ ಎಳೆದ ಗೆರೆ ಮುಗಿದ ಮೇಲೆ ಬಣ್ಣ ಬದಲಾಗದೆ ಹಾಗೇ ಮುಂದುವರಿಯುತ್ತದೆ (ರಿಪೀಟ್ ಎಂಬಲ್ಲಿ ಏನನ್ನೂ ಆರಿಸಿರಬಾರದು). ಹಾಗಾಗಿ ಒತ್ತಕ್ಷರ ಪೂರ್ತಿ ಗಾಢವಾಗಿ ಉಳಿಯುತ್ತದೆ, ಮೇಲೆ ತಲೆಕಟ್ಟೂ ಗಾಢ, ಹೊಳಪು ಹೊಟ್ಟೆಯಲ್ಲಿ. ಅಬ್ಬಾ ಹೇಳಿದ್ದು ಇದನ್ನೇ. ಹಿನ್ನೆಲೆ ಕಪ್ಪಗಿದ್ದರೆ ಎಲ್ಲವನ್ನೂ ತಿರುಗಿಸಿ: ತಲೆ-ಕಾಲು ತಿಳಿ, ಹೊಟ್ಟೆ ಸ್ವಲ್ಪ ಗಾಢ.

ಎರಡು ಸಾಲು ಬರೆದಿದ್ದರೆ ಒಂದೊಂದು ಸಾಲಿಗೂ ಬೇರೆ ಪದರ ಮಾಡಿಕೊಳ್ಳಿ. ಇಲ್ಲವಾದರೆ ಒಂದೇ ಗ್ರೇಡಿಯಂಟ್ ಎರಡೂ ಸಾಲಿನ ಮೇಲೆ ಹರಡಿ, ಮೇಲಿನ ಸಾಲಿನ ಒತ್ತಿಗೂ ಕೆಳಗಿನ ಸಾಲಿನ ತಲೆಕಟ್ಟಿಗೂ ಒಂದೇ ಬಣ್ಣ ಬರುತ್ತದೆ.

ನಮ್ಮ ಕಾಲೇಜಿನ ಬ್ಯಾನರುಗಳಲ್ಲಿ ಉರ್ದು ಸಾಲೂ ಇರುತ್ತದಲ್ಲ, ಅದಕ್ಕೆ ಬೇರೆಯದೇ ಎಚ್ಚರ ಬೇಕು. ನಸ್ತಾಲೀಕ್ ಬರವಣಿಗೆಯಲ್ಲಿ ಪ್ರತಿ ಪದವೂ ಬಲಗಡೆ ಮೇಲಿಂದ ಶುರುವಾಗಿ ಎಡಕ್ಕೆ ಇಳಿಯುತ್ತದೆ. ಮೇಲಿಂದ ಕೆಳಕ್ಕೆ ಗ್ರೇಡಿಯಂಟ್ ಹಾಕಿದರೆ ಪದದ ಆರಂಭ ಒಂದು ಬಣ್ಣ, ಕೊನೆ ಇನ್ನೊಂದು ಬಣ್ಣ ಆಗುತ್ತದೆ. ಅದು ಚೆನ್ನಾಗಿಯೇ ಕಾಣುತ್ತದೆ, ಆದರೆ ನುಕ್ತಾಗಳನ್ನು ನೋಡಿಕೊಳ್ಳಿ. ಬೇ ಎಂಬುದಕ್ಕೆ ಕೆಳಗೊಂದು ಚುಕ್ಕಿ, ಪೇ ಎಂಬುದಕ್ಕೆ ಕೆಳಗೆ ಮೂರು, ತೇ ಎಂಬುದಕ್ಕೆ ಮೇಲೆ ಎರಡು. ಒಂದು ಚುಕ್ಕಿ ಮಾಸಿದರೆ ಪದವೇ ಬೇರೆ. ನನಗೆ ಕೇಳಿದರೆ ಉರ್ದು ಸಾಲಿಗೆ ಒಂದೇ ಬಣ್ಣ ಸಾಕು. ಎರಡು ಲಿಪಿಗಳಿಗೂ ಅದೇ ಎಫೆಕ್ಟ್ ಇರಲೇಬೇಕು ಎಂಬ ಹಟ ಬೇಡ.

ಡಿಸೆಂಬರಿನಲ್ಲಿ ಜಾವಗಲ್ ದಾರಿಯಾಗಿ ಹಳೇಬೀಡು, ಬೇಲೂರಿಗೆ ಪ್ರವಾಸ ಹೋದಾಗ ಇದೇ ವಿಷಯ ತಲೆಯಲ್ಲಿತ್ತು. ಈ ಎರಡೂ ಊರಿನ ದೇವಾಲಯಗಳು ಸೋಮನಾಥಪುರದ ಜೊತೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ನಿಮಗೆ ಗೊತ್ತು. ಎಲ್ಲರೂ ಮದನಿಕೆಯರ ಫೋಟೋ ತೆಗೆಯುತ್ತಿದ್ದಾಗ ನಾನು ಬೇಲೂರಿನಲ್ಲಿ ಒಂದು ಶಾಸನದ ಕಲ್ಲಿನ ಮುಂದೆ ನಿಂತಿದ್ದೆ. ನಡುಮಧ್ಯಾಹ್ನ. ಅಕ್ಷರ ಇದೆ ಎಂದು ಗೊತ್ತಾಗುತ್ತಿತ್ತು, ಆದರೆ ಗೆರೆ ಬಿಡಿಸಿ ನೋಡಲು ಆಗುತ್ತಿರಲಿಲ್ಲ. ಇತಿಹಾಸದ ಸರ್ ಬಂದು ಕಲ್ಲನ್ನು ಮುಟ್ಟದೆ ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ಪ್ರತಿ ಗೆರೆಯ ಒಂದು ಅಂಚು ಕಪ್ಪಾಗಿ ಇನ್ನೊಂದು ಅಂಚು ಬೆಳಗಿ, ಅಕ್ಷರಗಳು ಎದ್ದು ನಿಂತವು, ಕೆಳಗಿನ ಒತ್ತುಗಳ ಸಮೇತ. ಕಲ್ಲಿಗೆ ಬಣ್ಣ ಒಂದೇ. ಅಕ್ಷರ ಕಾಣುವುದು ಬೆಳಕು-ನೆರಳಿನ ಇಳಿಜಾರಿನಿಂದಲೇ. ಅಲ್ಲಿಯೇ ಇನ್ನೊಂದು ವಿಷಯವನ್ನೂ ಸರ್ ಹೇಳಿದರು. ಬೇಲೂರಿನ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರಂತೆ. ನನಗೆ ಸ್ಟೇಷನ್ ರಸ್ತೆಯ ಬೋರ್ಡುಗಳ ಮೂಲೆ ನೆನಪಾಯಿತು.

ಹಲ್ಮಿಡಿಯೂ ಬೇಲೂರು ತಾಲೂಕಿನಲ್ಲೇ ಇದೆ. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಸಿಕ್ಕ ಊರು. ಪಕ್ಕದ ತಾಲೂಕಿನಲ್ಲಿ ಹದಿನೈದು ಶತಮಾನಗಳ ಹಿಂದೆ ಕಲ್ಲಿನಲ್ಲಿ ಉಳಿದ ಒತ್ತನ್ನು ನಾನು ಒಂದು ರಾತ್ರಿಯಲ್ಲಿ ಫ್ಲೆಕ್ಸಿನಲ್ಲಿ ಕಳೆದಿದ್ದೆ ಎಂದು ಗೆಳತಿಯರು ಬಸ್ಸಿನಲ್ಲಿ ರೇಗಿಸಿದರು.

ಆ ಟಾರ್ಚಿನಿಂದ ಕಲಿತದ್ದನ್ನು ಕಂಪ್ಯೂಟರಿನಲ್ಲೂ ಬಳಸಬಹುದು. ಬೆಳಕು ಮೇಲಿಂದ ಬೀಳುತ್ತದೆ ಎಂದೇ ನಮ್ಮ ಕಣ್ಣು ನಂಬಿಕೊಂಡಿರುತ್ತದೆ. ಮೇಲಿನ ಅಂಚು ತಿಳಿ, ಕೆಳಗಿನದು ಗಾಢವಾಗಿದ್ದರೆ ಅಕ್ಷರ ಉಬ್ಬಿದಂತೆ, ತಿರುಗಿಸಿದರೆ ಕೊರೆದಂತೆ ಕಾಣುತ್ತದೆ. ಹಾಗೆ ಮೇಲಿನ ಅಂಚು ತಿಳಿಯಾಗಲೇಬೇಕು ಎಂದಿದ್ದರೆ ಅಕ್ಷರದ ಸುತ್ತ ಗಾಢ ಬಣ್ಣದ ತೆಳು ಗೆರೆ ಎಳೆಯಿರಿ. ಶಾದಿ ಕಾರ್ಡುಗಳ ಬಂಗಾರದ ಅಕ್ಷರಗಳಿಗೆ ಕಂದು ಅಂಚು ಇರುವುದು ಸುಮ್ಮನೆ ಅಲ್ಲ.

ಮುದ್ರಣಕ್ಕೆ ಕೊಡುವ ಮುಂಚೆ ಮೂರು ಕೆಲಸ ಮಾಡುತ್ತೇನೆ ಈಗ. ಚಿತ್ರದ ಒಂದು ಪ್ರತಿ ತೆಗೆದು ಬಣ್ಣವನ್ನೆಲ್ಲ ಕಳೆದು ಬೂದು ಮಾಡಿ ನೋಡುತ್ತೇನೆ (ಕಲರ್ಸ್ ಮೆನುವಿನಲ್ಲಿ ಡಿಸ್ಯಾಚುರೇಟ್). ಬೂದಿನಲ್ಲಿ ಕಾಣದ ಒತ್ತು ಬಣ್ಣದಲ್ಲೂ ದೂರಕ್ಕೆ ಕಾಣುವುದಿಲ್ಲ. ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದವರಿಗೂ ಇದರಿಂದ ಉಪಕಾರ. ಎರಡನೆಯದು, ಪರದೆಯ ಮೇಲೆ ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ, ಅದರಲ್ಲಿ ಏನು ಬರೆದಿದೆ ಎಂದು ಗೊತ್ತಿಲ್ಲದ ಒಬ್ಬರಿಂದ ಓದಿಸುತ್ತೇನೆ. ಬರೆದವರಿಗೆ ಇಲ್ಲದ ಒತ್ತೂ ಕಾಣುತ್ತದೆ. ಮೂರನೆಯದು ಮೇಡಂ ಅವರ ಕಟ್ಟಪ್ಪಣೆ: ಕೊನೆಯ ತಿದ್ದುಪಡಿ ಬಣ್ಣದ ಪ್ರಿಂಟಿನ ಮೇಲೆಯೇ ಆಗಬೇಕು.

ಅಳತೆಯ ಬಗ್ಗೆಯೂ ಒಂದು ಮಾತು. ಹತ್ತಡಿ-ನಾಲ್ಕಡಿ ಬ್ಯಾನರಿಗೆ ಇಂಚಿಗೆ 72 ಚುಕ್ಕಿ ಹಿಡಿದರೆ 8640 x 3456, ಅಂದರೆ ಸುಮಾರು ಮೂರು ಕೋಟಿ ಚುಕ್ಕಿಗಳು. ನಮ್ಮ ಲ್ಯಾಬಿನ ಹಳೆಯ ಯಂತ್ರಗಳು ಎರಡು ಪದರಕ್ಕೇ ಉಸಿರು ಬಿಡುತ್ತವೆ, ತಾಳ್ಮೆ ಇರಲಿ. ಹಿನ್ನೆಲೆಗೂ ಗ್ರೇಡಿಯಂಟ್ ಹಾಕುವವರಿದ್ದರೆ ಕೇಳಿ: 200ರಿಂದ 255ರವರೆಗಿನ ಸಣ್ಣ ಬದಲಾವಣೆಯನ್ನು ಹತ್ತಡಿ ಉದ್ದಕ್ಕೆ ಎಳೆದರೆ ಸಿಗುವುದು 55 ಮೆಟ್ಟಿಲು, ಒಂದೊಂದು ಎರಡು ಇಂಚಿಗೂ ಅಗಲ. ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಡಿದರಿಂಗ್ ಎಂಬ ಆಯ್ಕೆಗೆ ಗುರುತು ಹಾಕಿದರೆ ಮೆಟ್ಟಿಲಿನ ಅಂಚನ್ನು ಚುಕ್ಕಿ ಚೆದುರಿಸಿ ಮರೆಸುತ್ತದೆ. ಪರದೆಯ ಬೆಳಕಿನ ಬಣ್ಣ ಮುದ್ರಣದ ಶಾಯಿಯಲ್ಲಿ ಒಂದಿಷ್ಟು ಮಂಕಾಗುತ್ತದೆ ಎಂಬುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಫೋಟೋಶಾಪಿನಲ್ಲಿ ಲೇಯರ್ ಸ್ಟೈಲ್ ಎಂಬಲ್ಲಿ ಗ್ರೇಡಿಯಂಟ್ ಓವರ್‌ಲೇ ಇದೆ. ಅದರಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿಯುವುದರಿಂದ ಆಮೇಲೂ ತಿದ್ದಬಹುದು. ಬೈ-ಲೀನಿಯರ್‌ಗೆ ಅಲ್ಲಿನ ಹೆಸರು ರಿಫ್ಲೆಕ್ಟೆಡ್. ಕನ್ನಡದ ಒತ್ತುಗಳು ಒಡೆದು ಸಾಲಾಗಿ ನಿಂತರೆ ಪ್ಯಾರಾಗ್ರಾಫ್ ಪಟ್ಟಿಯ ಮೆನುವಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಜಿಂಪಿನಲ್ಲಿಯೂ ಅಕ್ಷರ ಕೆಡದ ದಾರಿ ಇದೆ: ಟೆಕ್ಸ್ಟ್ ಪದರವನ್ನು ಒಂದು ಲೇಯರ್ ಗ್ರೂಪಿನೊಳಗೆ ಇಟ್ಟು, ಅದರ ಮೇಲೆ ಖಾಲಿ ಪದರವೊಂದಕ್ಕೆ ಗ್ರೇಡಿಯಂಟ್ ತುಂಬಿ, ಆ ಪದರದ ಕಾಂಪೋಸಿಟ್ ಮೋಡನ್ನು ಕ್ಲಿಪ್ ಟು ಬ್ಯಾಕ್‌ಡ್ರಾಪ್ ಮಾಡಿ. ಬಣ್ಣ ಅಕ್ಷರದ ಆಕಾರಕ್ಕೆ ಮಾತ್ರ ಅಂಟುತ್ತದೆ.

ಜನವರಿ 26ರ ಬ್ಯಾನರನ್ನು ಹೀಗೆಯೇ ಮಾಡಿದೆ. 'ಗಣರಾಜ್ಯೋತ್ಸವ', ಮತ್ತೆ ಅದೇ ಜ್ಯೋ, ಅದೇ ತ್ಸ. ಕಟ್ಟಿದ ಮೇಲೆ ಅಬ್ಬಾನನ್ನು ಗೇಟಿನ ಹತ್ತಿರ ಕರೆದೆ. ಅವರು ಹತ್ತಿರ ಬರಲಿಲ್ಲ. ರಸ್ತೆ ದಾಟಿ, ಟೀ ಅಂಗಡಿಯ ಮುಂದೆ ನಿಂತು, ಕಣ್ಣು ಕಿರಿದು ಮಾಡಿ ಓದಿದರು. ಆಮೇಲೆ ಕೂಗಿ ಹೇಳಿದರು, 'ಒತ್ತು ಇದೆ. ಆದ್ರೆ ಹೊಳಪು ಜಾಸ್ತಿ ಆಯ್ತು, ಬೇಟಾ!'

ಹೊಳಪು ಕಡಿಮೆ ಮಾಡಿದ ಫೈಲು ಲ್ಯಾಬಿನ ನಾಲ್ಕನೇ ಕಂಪ್ಯೂಟರಿನಲ್ಲಿ 'ಬ್ಯಾನರ್' ಎಂಬ ಫೋಲ್ಡರಿನಲ್ಲಿದೆ. ಎಕ್ಸ್‌ಸಿಎಫ್ ರೂಪದಲ್ಲಿ, ಪದರಗಳೆಲ್ಲ ಬೇರೆಬೇರೆಯಾಗಿ ಹಾಗೇ ಇವೆ. ಮುಂದಿನ ವರ್ಷ ಮಾಡುವವರು ಪದಗಳನ್ನು ಬದಲಾಯಿಸಿಕೊಳ್ಳಿ. ಬಣ್ಣ ಬದಲಾಯಿಸುವುದಾದರೆ ಮೊದಲು ಬೂದು ಮಾಡಿ ನೋಡಿ.